ಈ ಹಾಳೆ ಯಾರ ಕೈಗೆ?

ಹೊಸ ಮಾತ್ರೆಯೊಂದನ್ನು ಕಂಡುಹಿಡಿದರೆ ಮೊದಲು ಇಲಿಗೆ ಕೊಡುತ್ತಾರೆ, ಆಮೇಲೆ ನಾಲ್ಕಾರು ಮನುಷ್ಯರಿಗೆ ಕೊಡುತ್ತಾರೆ, ಹತ್ತು ವರ್ಷ ಅಳೆದು ತೂಗಿ ನೋಡಿ ಆಮೇಲೆ ಅಂಗಡಿಗೆ ಬಿಡುತ್ತಾರೆ. ಸರಿಯೇ. ಆದರೆ ಆ ಮಾತ್ರೆಯನ್ನು ಯಾವಾಗ ನುಂಗಬೇಕು, ಯಾಕೆ ನುಂಗಬೇಕು, ಯಾವಾಗ ನಿಲ್ಲಿಸಬೇಕು ಎಂದು ಬರೆದು ಆಸ್ಪತ್ರೆಯವರು ಮನೆಗೆ ಕಳಿಸುವ ಹಾಳೆ ಇರುತ್ತದಲ್ಲ, ಡಿಸ್ಚಾರ್ಜ್ ಹಾಳೆ, ಅದನ್ನು ಯಾರಾದರೂ ಯಾವತ್ತಾದರೂ ಪರೀಕ್ಷೆಗೆ ಒಡ್ಡಿದ್ದುಂಟೆ? ಪರೀಕ್ಷೆಯ ಮಾತು ಹಾಗಿರಲಿ, ಬರೆದವರೇ ಅದನ್ನು ಎರಡನೇ ಸಲ ಓದುತ್ತಿರಲಿಲ್ಲ.

೨೦೪೧ರಲ್ಲಿ ಬಿಳಿಗಲ್ಲದ ತಾಲೂಕು ಆಸ್ಪತ್ರೆಗೆ ಅದಕ್ಕೂ ಒಂದು ಯಂತ್ರ ಬಂತು. ಸರ್ಕಾರಿ ಕಾಗದದಲ್ಲಿ ಅದರ ಹೆಸರು 'ಗೃಹಾನುಕರಣ ವ್ಯವಸ್ಥೆ'. ಆ ಹೆಸರು ಹೇಳುವಷ್ಟರಲ್ಲಿ ರೋಗಿ ಮನೆ ಮುಟ್ಟಿರುತ್ತಿದ್ದ. ಹಾಗಾಗಿ ಆಸ್ಪತ್ರೆಯವರೆಲ್ಲ ಅದನ್ನು 'ಆಯಿ' ಎಂದೇ ಕರೆದರು. ಆ ಸೀಮೆಯಲ್ಲಿ ಆಯಿ ಅಂದರೆ ಅಜ್ಜಿ. ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ಅಜ್ಜಿಗಿಂತ ಹೆಚ್ಚು ಯಾರಿಗೆ ಗೊತ್ತು?

ಆಯಿ ಮಾಡುತ್ತಿದ್ದ ಕೆಲಸ ಇಷ್ಟೆ. ಹದಿನೆಂಟು ವರ್ಷಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬರೆದುಕೊಂಡು ಬಂದ ಲಕ್ಷಾಂತರ ಟಿಪ್ಪಣಿಗಳು ಅದರ ಹೊಟ್ಟೆಯಲ್ಲಿದ್ದವು. ಯಾವ ಮನೆಯಲ್ಲಿ ಮಾತ್ರೆ ಎಲ್ಲಿಡುತ್ತಾರೆ, ಯಾರು ತೆಗೆದುಕೊಡುತ್ತಾರೆ, ಯಾವ ದಿನ ಮರೆಯುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಎಲ್ಲವೂ. ರೋಗಿಯ ಹಾಳೆಯನ್ನೂ ಅವನ ಮನೆಯ ವಿವರವನ್ನೂ ಕೊಟ್ಟರೆ ಗೋಡೆಯ ಪರದೆಯ ಮೇಲೆ ಒಂದು ಪುಟ್ಟ ಮನೆ ಮೂಡುತ್ತಿತ್ತು, ಆ ಮನೆಯ ಗೂಡಿನಲ್ಲಿ ಒಂದು ದೀಪ. ಹತ್ತು ನಿಮಿಷದಲ್ಲಿ ಆ ಮನೆ ಹತ್ತು ದಿನ ಬಾಳುತ್ತಿತ್ತು. ಹಾಳೆಯನ್ನು ಓದಿ ಆ ಮನೆಯವರು ಏನು ಮಾಡಬಹುದೋ ಅದೆಲ್ಲ ಕೆಳಗೆ ಸಾಲುಸಾಲಾಗಿ ಬರುತ್ತಿತ್ತು. ರೋಗಿಯ ಪ್ರಾಣಕ್ಕೆ ಕುತ್ತು ಬಂದರೆ ದೀಪ ಆರುತ್ತಿತ್ತು. ಹತ್ತು ದಿನ ದೀಪ ಉರಿದರೆ ಮಾತ್ರ ಹಾಳೆಯನ್ನು ಮನೆಗೆ ಕಳಿಸಬಹುದು.

ಎಲ್ಲಿ ಎಡವುತ್ತಾರೆ ಎಂದು ಆಯಿ ಹೇಳುತ್ತಿತ್ತೇ ಹೊರತು ಹೇಗೆ ಬರೆಯಬೇಕು ಎಂದು ಹೇಳುತ್ತಿರಲಿಲ್ಲ. ಬರೆಯುವುದಕ್ಕೆ ಶಾಂಭವಿ ಕುಂದರಗಿ ಇದ್ದರು.

ಈ ಶಾಂಭವಿಯವರ ಬಗ್ಗೆ ಎರಡು ಮಾತು ಹೇಳಲೇಬೇಕು. ಇಪ್ಪತ್ತಮೂರು ವರ್ಷ ವಾರ್ಡಿನಲ್ಲಿ ದುಡಿದ ನರ್ಸು. ಗಟ್ಟಿ ದನಿ, ಇನ್ನೂ ಗಟ್ಟಿಯಾದ ಹಟ. ಎಂಟು ಜನ ಡಾಕ್ಟರು ಎಂಟು ಥರ ಬರೆಯುತ್ತಿದ್ದ ಕಾಲದಿಂದ ಅವರು ಆ ಹಾಳೆಗಳನ್ನು ನೋಡಿದವರು. ಒಬ್ಬರು ಮಾತ್ರೆಯ ಹೆಸರು ಮೇಲೆ ಬರೆದರೆ ಇನ್ನೊಬ್ಬರು ಕೆಳಗೆ. ಒಬ್ಬರು 'ಮೊದಲಿನ ಮಾತ್ರೆಗಳನ್ನೇ ಮುಂದುವರಿಸಿ' ಎಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಮೊದಲಿನವು ಅಂದರೆ ಯಾವುವು? ಆಸ್ಪತ್ರೆಗೆ ಬರುವ ಮೊದಲಿನವೋ, ಆಪರೇಷನ್ನಿನ ಮೊದಲಿನವೋ? ಒಬ್ಬ ಮುದುಕ ಎರಡನ್ನೂ ಸೇರಿಸಿ ನುಂಗಿ ಮೂರೇ ದಿನದಲ್ಲಿ ವಾಪಸು ಬಂದಿದ್ದ. ಶಾಂಭವಿ ಅವತ್ತು ಆ ಡಾಕ್ಟರ ಮುಂದೆ ಹಾಳೆ ಹಿಡಿದು, "ಸರ, ಇದನ್ನ ನೀವ ಒಮ್ಮೆ ಓದಿ ತೋರಸ್ರಿ, ನಾ ಕೇಳ್ತೀನಿ," ಅಂದಿದ್ದರು. ಡಾಕ್ಟರು ಓದಲಾರದೆ ಕೆಮ್ಮಿದರು. ಆ ಕೆಮ್ಮು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಮಾತಿಗೆ ಸಿಕ್ಕಿತು.

ಅವತ್ತಿನಿಂದ ಅವರು ಹಾಳೆಯ ಬೆನ್ನು ಬಿದ್ದರು. ಯಾವ ಡಾಕ್ಟರು ಬರೆದರೂ, ಯಾವ ರೋಗಕ್ಕೆ ಬರೆದರೂ ಅದೇ ಐದು ಚೌಕ, ಅದೇ ಜಾಗದಲ್ಲಿ. ಏನಾಗಿತ್ತು. ನಾವು ಏನು ಮಾಡಿದೆವು. ಯಾವ ಮಾತ್ರೆ ಹೊಸದು, ಯಾವುದು ಬದಲಾಯಿತು, ಯಾವುದು ನಿಂತಿತು. ಏನಾದರೆ ಕೂಡಲೇ ಬರಬೇಕು. ಮುಂದೆ ನೋಡುವವರು ಯಾರು. ಪ್ರತಿ ಮಾತ್ರೆಯ ಪಕ್ಕ ಅದು ಯಾಕೆ ಎಂಬ ಒಂದು ಸಾಲು. ಅದೇ ಹಾಳೆ ರೋಗಿಯ ಕೈಗೂ ಹೋಗುತ್ತದೆ, ಕಂಪ್ಯೂಟರಿನಲ್ಲಿ ಎಲ್ಲ ಆಸ್ಪತ್ರೆಗಳಿಗೂ ಹೋಗುತ್ತದೆ. ಕೇಳಿದರೆ ಇದರಲ್ಲೇನು ಮಹಾ ಎನಿಸುತ್ತದೆ. ಇದನ್ನು ಎಂಟು ಜನ ಡಾಕ್ಟರಿಂದ ಒಪ್ಪಿಸಲು ಶಾಂಭವಿಯವರಿಗೆ ಆರು ವರ್ಷ ಹಿಡಿಯಿತು.

ಆಯಿ ಬರುವ ಮೊದಲು ಅವರ ಪರೀಕ್ಷಾ ಯಂತ್ರ ಅಂದರೆ ಗಂಡ ವಿರೂಪಾಕ್ಷ ಮಾಸ್ತರು. ಕನ್ನಡ ಶಾಲೆಯಿಂದ ನಿವೃತ್ತರಾದವರು. ಬರೆದದ್ದನ್ನೆಲ್ಲ ಹೆಂಡತಿ ಅವರ ಮುಂದಿಟ್ಟು, "ಈಗ ನೀವು ಸಕ್ಕರಿ ರೋಗದವರು. ಇದನ್ನ ಓದಿ ಏನ್ ಮಾಡ್ತೀರಿ ಹೇಳ್ರಿ," ಅನ್ನುತ್ತಿದ್ದರು. ಮಾಸ್ತರು ಕನ್ನಡಕ ಏರಿಸಿ, "ಒಂದು ವಾಕ್ಯದಾಗ ಮೂರು ಕೆಲಸ ಹೇಳಿಯಲ್ಲ, ನಾ ಮೊದಲನೇದು ಮಾಡಿ ಉಳಿದವೆರಡೂ ಮರೀತೀನಿ. ವಾಕ್ಯಕ್ಕೊಂದ ಕೆಲಸ ಇಡು," ಎಂದು ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದರು. ಹಾಳೆಯ ಭಾಷೆ ತಿಳಿಯಾಗಿದ್ದು ಆ ಅಡುಗೆಮನೆಯಲ್ಲಿ.

ಹೀಗಿರುವಾಗ ಒಂದು ಸೋಮವಾರ ಕಸ್ತೂರಿಯ ಹಾಳೆ ಬಂತು.

ಕಸ್ತೂರಿ ಇಪ್ಪತ್ತನಾಲ್ಕು ವರ್ಷದವಳು. ಬಿಳಿಗಲ್ಲದಲ್ಲೇ ಗಂಡನ ಮನೆ. ಚೊಚ್ಚಲ ಬಸುರಿ. ಸೀಮಂತದ ಕುಬಸ ಶಾಸ್ತ್ರ ಮುಗಿಸಿ ತವರಿಗೆ ಹೊರಡಬೇಕು ಅನ್ನುವಷ್ಟರಲ್ಲಿ ರಕ್ತದೊತ್ತಡ ಏರಿ, ಕಾಲು ಮುಖ ಊದಿ, ನೇರ ಆಸ್ಪತ್ರೆಗೆ ಬಂದಿದ್ದಳು. ಹೆಣ್ಣು ಮಗು ಹುಟ್ಟಿ ನಾಲ್ಕು ದಿನವಾಗಿತ್ತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಆದರೆ ಈ ಬಸುರಿನ ಬಿ.ಪಿ. ಇದೆಯಲ್ಲ, ಅದು ಹೆರಿಗೆಯ ಜೊತೆ ಮುಗಿದುಹೋಗುವ ಜಾತಿಯದಲ್ಲ. ಹೆತ್ತ ಮೇಲೂ ಕೆಲವು ವಾರ ಬೂದಿಯೊಳಗಿನ ಕೆಂಡದಂತೆ ಕೂತು, ಇದ್ದಕ್ಕಿದ್ದಂತೆ ಏರಿ ಫಿಟ್ಸು ಬರಿಸಬಹುದು. ಹಾಗಾಗಿ ದಿನಕ್ಕೆರಡು ಮಾತ್ರೆ ಬೇಕು, ದಿನಾ ಬಿ.ಪಿ. ನೋಡಬೇಕು, ತಲೆನೋವು ಬಂದರೆ, ಕಣ್ಣು ಮಂಜಾದರೆ ಓಡಿ ಬರಬೇಕು.

ಆಯಿಯನ್ನು ಈ ಆಸ್ಪತ್ರೆಗೆ ತಂದವರು ಡಾಕ್ಟರ್ ಇರ್ಫಾನ್ ನದಾಫ್. ಇನ್ನೂ ಚಿಕ್ಕ ವಯಸ್ಸು, ಯಂತ್ರದ ಮೇಲೆ ಹೆತ್ತವರಷ್ಟು ಅಕ್ಕರೆ. ಅವರು ಕಸ್ತೂರಿಯ ಹಾಳೆಯನ್ನು ಹಾಕಿದರು. ಪರದೆಯ ಮೇಲೆ ಬಿಳಿಗಲ್ಲದ ಗಂಡನ ಮನೆ ಮೂಡಿತು. ಓದು ಬರುವ ಗಂಡ, ನರ್ಸಮ್ಮನ ಮನೆ ನಾಲ್ಕು ಹೆಜ್ಜೆ. ಹತ್ತು ದಿನ ಕಳೆಯಿತು. ದೀಪ ಅಲುಗಲಿಲ್ಲ.

"ಪಾಸಾತ್ರಿ ಅಕ್ಕಾರ," ಅಂದರು ಇರ್ಫಾನ್. "ಮಧ್ಯಾಹ್ನ ಎರಡಕ್ಕ ಗಾಡಿ ಬರ್ತೈತಂತ. ಪ್ರಿಂಟ್ ತಗೀರಿ."

ಶಾಂಭವಿ ಹಾಳೆ ಹಿಡಿದು ವಾರ್ಡಿಗೆ ಹೋದರು. ಕಸ್ತೂರಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ತಯಾರಾಗಿ ಕೂತಿದ್ದಳು. ಮಂಚದ ಕೆಳಗೆ ಮೂರು ಗಂಟು, ಒಂದು ಹೊಸ ತೊಟ್ಟಿಲ ಬಟ್ಟೆ.

"ಇಷ್ಟ್ಯಾಕವ್ವ ಗಂಟು? ಮನಿ ಇಲ್ಲೇ ಎರಡು ಓಣಿ ದಾಟಿದ್ರ ಐತಿ," ಅಂದರು ಶಾಂಭವಿ.

"ಅಲ್ಲಿಗಲ್ರಿ ಅಕ್ಕಾರ. ತವರಿಗಿ ಹೊಂಟೀನಿ. ಹನಮಗೇರಿಗಿ. ಬಾಣಂತನ ಅಲ್ಲೇ. ನಮ್ಮಾಯಿ ಕರಕೊಂಡು ಹೋಗಾಕ ಬಂದಾಳ, ಹೊರಗ ಕುಂತಾಳ."

ಹನಮಗೇರಿ ಪಕ್ಕದ ತಾಲೂಕು, ಅರವತ್ತು ಕಿಲೋಮೀಟರ್. ಚೊಚ್ಚಲ ಬಾಣಂತನ ತವರಿನಲ್ಲಿ ಎಂಬುದು ಆ ಸೀಮೆಯಲ್ಲಿ ಹಸುಗೂಸಿಗೂ ಗೊತ್ತು. ಶಾಂಭವಿಯವರ ಇಬ್ಬರು ಮಕ್ಕಳ ಬಾಣಂತನವೂ ತವರಿನಲ್ಲೇ ಆದದ್ದು. ಆದರೆ ಕಸ್ತೂರಿಯ ಆಸ್ಪತ್ರೆ ಕಾರ್ಡಿನಲ್ಲಿ ಇರುವುದು ಗಂಡನ ಮನೆಯ ವಿಳಾಸ. ಕಾರ್ಡು ಏನು ಹೇಳಿತೋ ಅದನ್ನೇ ಕಂಪ್ಯೂಟರು ನಂಬಿತ್ತು, ಆಯಿ ನಂಬಿತ್ತು, ಎಲ್ಲ ತಿಳಿದ ತಾವೂ ನಂಬಿದ್ದರು. ನರ್ಸಮ್ಮ ಬಿಳಿಗಲ್ಲದಲ್ಲಿ ಬಾಗಿಲು ಬಡಿಯುತ್ತಿರುತ್ತಾಳೆ, ಬಾಣಂತಿ ಹನಮಗೇರಿಯ ಕತ್ತಲ ಕೋಣೆಯಲ್ಲಿ ಮಲಗಿರುತ್ತಾಳೆ. ಇಷ್ಟು ವರ್ಷ ಎಷ್ಟು ಬಾಣಂತಿಯರ ಹಾಳೆ ಹೀಗೆ ತಪ್ಪಾದ ಮನೆಗೆ ಹೋಗಿರಬಹುದು ಎಂದು ನೆನೆದು ಅವರಿಗೆ ನಾಚಿಕೆಯಾಯಿತು.

ಹಾಳೆಯನ್ನು ಹಾಗೇ ಹಿಡಿದು ವಾಪಸು ಬಂದರು. "ಸರ, ನಾವು ಬ್ಯಾರೆ ಮನಿಗೆ ಪಾಸ್ ಮಾಡೀವಿ. ಆಕಿ ಹೋಗೂ ಮನಿ ಇದಲ್ಲ."

ಇರ್ಫಾನ್ ಮನೆ ಬದಲಾಯಿಸಿದರು. ಹನಮಗೇರಿ, ತವರು, ನೋಡಿಕೊಳ್ಳುವವರು ಅಜ್ಜಿ ದ್ಯಾಮವ್ವ, ಎಪ್ಪತ್ತು ದಾಟಿದವರು, ಓದು ಬಾರದು. ಪರದೆಯ ಮೇಲೆ ಬೇರೆ ಮನೆ ಮೂಡಿತು, ಗೂಡಿನಲ್ಲಿ ದೀಪ. ಸಾಲುಗಳು ಬರತೊಡಗಿದವು.

ದಿನ ಎರಡು: ಮಾತ್ರೆ ನಿಂತಿತು. ಕಾರಣ: ಹೆರಿಗೆ ಆಯಿತು, ಬಸುರಿನ ಬಿ.ಪಿ. ಮುಗಿಯಿತು ಎಂಬ ನಂಬಿಕೆ. ದಿನ ಐದು: ತಲೆನೋವು. ಥಂಡಿ ಎಂದು ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದರು, ಲೋಬಾನದ ಹೊಗೆ ಹಾಕಿದರು. ದಿನ ಆರು.

ದೀಪ ಆರಿತು.

ಇರ್ಫಾನರ ಮುಖ ಸಪ್ಪಗಾಯಿತು. ಕೂಡಲೇ ಮಾತ್ರೆಯ ಸಾಲಿಗೆ 'ಹೆರಿಗೆಯ ನಂತರವೂ ಆರು ವಾರ' ಎಂದು ಸೇರಿಸಿದರು. ಈ ಸಲ ಮಾತ್ರೆ ಐದು ದಿನ ನಡೆಯಿತು, ತಲೆನೋವು ಬಂತು, ಬಟ್ಟೆ ಕಟ್ಟಿದರು, ದೀಪ ಆರಿತು. 'ತಲೆನೋವು ಅಪಾಯ' ಎಂದು ಕೆಂಪು ದಪ್ಪಕ್ಷರದಲ್ಲಿ ಬರೆದರು. ಈ ಸಲ ಮೊದಲ ದಿನವೇ ಒಂದು ಸಾಲು ಬಂತು: ಕೆಂಪು ಕಂಡು ಹೆದರಿ ಹಾಳೆಯನ್ನು ದೇವರ ಫೋಟೋದ ಹಿಂದೆ ಇಟ್ಟರು. ಮತ್ತೆ ತೆಗೆಯಲಿಲ್ಲ. ದಿನ ಐದಕ್ಕೇ ದೀಪ ಆರಿತು.

ಆರು ಸಲ ತಿದ್ದಿದರು, ಆರು ಸಲವೂ ಆರಿತು. ಗಂಟೆ ಹನ್ನೆರಡಾಗಿತ್ತು.

"ಹಂಗಾರ ಕಳಸೂದ ಬ್ಯಾಡ," ಅಂದರು ಇರ್ಫಾನ್. "ಇಲ್ಲೇ ಇಟ್ಕೊಳ್ಳೋಣು."

"ಆರು ವಾರ ಇಟ್ಕೋತೀರಿ? ಹೊರಗ ನಾಕು ಮಂದಿ ಬಸುರೇರು ಮಂಚಕ್ಕ ಕಾಯಾಕತ್ತಾರ." ಶಾಂಭವಿ ಪರದೆಯನ್ನೇ ನೋಡುತ್ತಾ ನಿಂತರು. "ಸರ, ನಾವು ಆರು ಸಲ ಆ ಮುದುಕಿಗೆ ಏನೇನೋ ಹೇಳಿದ್ವಿ. ಆಕಿನ್ನ ಒಂದ ಸಲನೂ ಏನೂ ಕೇಳಲಿಲ್ಲ. ಆಕಿ ಇಲ್ಲೇ ಹೊರಗ ಕುಂತಾಳ."

ಆಸ್ಪತ್ರೆಯ ಅಂಗಳದ ಬೇವಿನ ಕಟ್ಟೆಯ ಮೇಲೆ ದ್ಯಾಮವ್ವ ಕೂತಿದ್ದರು. ಸಣಕಲು ದೇಹ, ಹಣೆ ತುಂಬ ವಿಭೂತಿ, ಮಡಿಲಲ್ಲಿ ಎಲೆಯಡಿಕೆಯ ಚಂಚಿ. ಶಾಂಭವಿ ಪಕ್ಕದಲ್ಲಿ ಕೂತು, "ಆಯಿ, ಬಾಣಂತನ ಹೆಂಗ ಮಾಡ್ತೀರಿ, ನನಗಷ್ಟು ಹೇಳ್ರಿ," ಅಂದರು.

ಇಂಥ ಪ್ರಶ್ನೆಯನ್ನು ಆಸ್ಪತ್ರೆಯವರು ಕೇಳುತ್ತಾರೆಂದು ಮುದುಕಿ ಕನಸಿನಲ್ಲೂ ಎಣಿಸಿರಲಿಲ್ಲ. ಮೊದಲು ಅನುಮಾನದಿಂದ ನೋಡಿದರು, ಆಮೇಲೆ ಬಾಯಿ ಬಿಚ್ಚಿದರು. ಮುಂಜಾನೆ ಮೈಗೆ ಎಣ್ಣೆ ತಿಕ್ಕುವುದು, ಸುಡುಸುಡು ನೀರು ಹಾಕುವುದು, ಕೂಡಲೇ ತಲೆಗೆ ಬಟ್ಟೆ ಕಟ್ಟುವುದು, ಸಂಜೆಗೆ ಕೆಂಡದ ಮೇಲೆ ಲೋಬಾನದ ಹೊಗೆ. ಓಣಿಯಲ್ಲಿ ನಲವತ್ತು ವರ್ಷದಿಂದ ಎಲ್ಲರ ಬಾಣಂತನ ಅವರದ್ದೇ. ಒಂದು ದಿನ ತಪ್ಪಿಲ್ಲ, ಒಂದು ಹೊತ್ತು ಆಚೀಚೆಯಾಗಿಲ್ಲ. ಕೇಳುತ್ತಾ ಕೇಳುತ್ತಾ ಶಾಂಭವಿಯವರಿಗೆ ಮೆಚ್ಚುಗೆ ಹುಟ್ಟಿತು. ತಮ್ಮ ವಾರ್ಡಿನಲ್ಲೂ ಇಷ್ಟು ಅಚ್ಚುಕಟ್ಟಿಲ್ಲ.

"ಬಾಣಂತಿಗೆ ತಲಿನೋವು ಬಂದ್ರ?"

"ಬರೂದ. ಹಸಿ ಮೈ, ಥಂಡಿ ಹೊಕ್ಕಿರ್ತೈತಿ. ಅರಿವಿ ಬಿಗಿಯಾಗಿ ಕಟ್ಟಿ ಹೊಗಿ ಹಾಕಿದ್ರ ಹೋಗ್ತೈತಿ. ಅದಕ್ಕೇನು ದವಾಖಾನಿಗೆ ಓಡೂದು?"

"ಎಲ್ಲಾರ್ದೂ ಹೋಗ್ತಿತ್ತೇನ್ರಿ? ಹೋಗದಿದ್ದ ತಲಿನೋವು ಒಂದೂ ನೋಡಿಲ್ಲ?"

ದ್ಯಾಮವ್ವ ಚಂಚಿಯ ದಾರ ಬಿಚ್ಚಿದರು, ಮತ್ತೆ ಕಟ್ಟಿದರು.

"ನೋಡೀನಿ," ಅಂದರು ಕೊನೆಗೆ. "ನನ್ನ ಮಗಳದು. ಈ ಕಸ್ತೂರಿ ಅವ್ವಂದು. ಕಸ್ತೂರಿ ಹುಟ್ಟಿ ಒಂಬತ್ತನೇ ದಿನ. ಯವ್ವಾ, ತಲಿ ಸಿಡ್ಯಾಕತ್ತೈತಿ, ಕಣ್ಣಾಗ ಮಿಂಚುಹುಳ ಹಾರ್‍ಯಾಡಾಕತ್ತಾವು ಅಂದ್ಲು. ನಾ ಅರಿವಿ ಕಟ್ಟಿ ಹೊಗಿ ಹಾಕಿದ್ನಿ. ಹೊಗಿ ಹಾಕಾಕತ್ತಾಗನ ಕೈಕಾಲು ಸೆಟದು ಹಲ್ಲು ಕಚ್ಚಿತು. ದವಾಖಾನಿ ಮುಟ್ಟೂದ್ರಾಗ ಹೋಗಿಬಿಟ್ಲು." ಚಂಚಿಯನ್ನು ಮಡಿಲಿಗೆ ಒತ್ತಿ ಹಿಡಿದು, "ಹೊಗಿ ಹೆಚ್ಚಾತು, ಅದಕ್ಕ ಹೋದ್ಲು ಅಂತ ಓಣ್ಯಾಗ ಅಂದ್ರು. ನಾನೂ ಹಂಗ ಅನ್ಕೊಂಡೀನಿ," ಅಂದರು.

ಕಸ್ತೂರಿಯ ದಾಖಲೆಯಲ್ಲಿ 'ಮನೆತನದಲ್ಲಿ ಇಂಥ ರೋಗ: ಇಲ್ಲ' ಎಂದಿತ್ತು. ಆ ಪ್ರಶ್ನೆ ಕೇಳಿದ್ದು ಗಂಡನನ್ನು. ಅತ್ತೆ ಜ್ವರದಿಂದ ಸತ್ತಳು ಎಂದಷ್ಟೇ ಅವನಿಗೆ ಹೇಳಿದ್ದರು. ತಾಯಿಗೆ ಬಂದದ್ದು ಮಗಳಿಗೂ ಬರುವುದುಂಟು ಎಂಬುದು ಯಾವ ನರ್ಸಿಗೂ ಗೊತ್ತಿರುವ ಮಾತು.

"ಆಯಿ," ಅಂದರು, ಮುದುಕಿಯ ಕೈ ಹಿಡಿದು, "ಅದು ಥಂಡಿ ಅಲ್ಲ. ಬಿ.ಪಿ. ಏರಿದ್ರ ಕಣ್ಣಾಗ ಹಂಗ ಮಿಂಚ್ತೈತಿ. ಕಸ್ತೂರಿಗೂ ಅದ ಬಿ.ಪಿ. ಐತಿ. ಈ ಸಲ ಅದು ಏರಿದ್ದನ್ನ ಮೊದಲ ಹಿಡೀಬೇಕು. ಹಿಡಿಯಾಕ ನಿಮ್ಮನ್ನ ಬಿಟ್ರ ಆ ಮನ್ಯಾಗ ಯಾರೂ ಇಲ್ಲ. ನನ್ನ ಜೋಡಿ ಒಳಗ ಬರ್ರಿ. ಹಾಳಿ ಇಬ್ಬರೂ ಕೂಡಿ ಬರಿಯೋಣು."

ಡಿಸ್ಚಾರ್ಜ್ ಹಾಳೆಗಳು ತಯಾರಾಗುವ ಬಿಡುಗಡೆ ಕೋಣೆಯೊಳಗೆ ದ್ಯಾಮವ್ವ ಕಾಲಿಟ್ಟಾಗ ಇರ್ಫಾನ್ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಗೋಡೆಯ ಮೇಲಿನ ಆಯಿಯನ್ನು ಈ ಆಯಿ ಒಂದು ಕ್ಷಣ ನೋಡಿ, "ಇದಕ್ಕ ದೀಪ ಯಾಕಿಲ್ಲ?" ಅಂದರು.

ಹಾಳೆಯನ್ನು ಮೊದಲಿನಿಂದ ಬರೆದರು. 'ದಿನಕ್ಕೆ ಎರಡು ಸಲ' ಎಂಬುದನ್ನು ಶಾಂಭವಿ ಹೊಡೆದುಹಾಕಿದರು. ದ್ಯಾಮವ್ವನ ದಿನಕ್ಕೆ ಗಡಿಯಾರ ಇರಲಿಲ್ಲ, ನೀರು ಮತ್ತು ಹೊಗೆ ಇದ್ದವು. ಹಾಗಾಗಿ ಒಂದು ಮಾತ್ರೆ ನೀರು ಹಾಕುವ ಮುಂಚೆ, ಒಂದು ಮಾತ್ರೆ ಹೊಗೆ ಹಾಕುವ ಮುಂಚೆ. ಪಕ್ಕದಲ್ಲಿ ಹಂಡೆಯ ಚಿತ್ರ, ಧೂಪದ ಬಟ್ಟಲಿನ ಚಿತ್ರ. ಯಾಕೆ ಎಂಬ ಸಾಲಿನಲ್ಲಿ: ಹೆರಿಗೆ ಮುಗಿದರೂ ಬಿ.ಪಿ. ಮುಗಿದಿಲ್ಲ. ಮಗುವಿನ ಹಾಲಿಗೆ ಈ ಮಾತ್ರೆಯಿಂದ ತೊಂದರೆ ಇಲ್ಲ.

ನಾಲ್ಕನೇ ಚೌಕದ ಹತ್ತಿರ ಶಾಂಭವಿಯವರ ಪೆನ್ನು ನಿಂತಿತು. ತಲೆಗೆ ಬಟ್ಟೆ ಕಟ್ಟಬೇಡಿ ಎಂದು ಬರೆಯಲೇ? ನಲವತ್ತು ವರ್ಷದ ಕೈ ಒಂದು ಸಾಲಿಗೆ ನಿಲ್ಲುತ್ತದೆಯೇ? ಅವರು ಮೇಜಿನ ಮೇಲಿದ್ದ ಬಿ.ಪಿ. ಪಟ್ಟಿಯನ್ನು ನೋಡಿದರು. ತೋಳಿಗೆ ಸುತ್ತಿ ಗುಂಡಿ ಒತ್ತಿದರೆ ಸಾಕು, ಅಂಕಿ ಮೂಡುತ್ತದೆ, ಜೊತೆಗೆ ಸರಿಯಿದ್ದರೆ ಹಸಿರು ದೀಪ, ಏರಿದ್ದರೆ ಕೆಂಪು ದೀಪ. ಆಸ್ಪತ್ರೆಯವರು ಆರು ವಾರಕ್ಕೆ ಮನೆಗೆ ಕೊಡುವ ಪಟ್ಟಿ. ಆಮೇಲೆ ಬರೆದರು: ತಲೆಗೆ ಬಟ್ಟೆ ಕಟ್ಟುವ ಮುಂಚೆ ತೋಳಿಗೆ ಪಟ್ಟಿ ಕಟ್ಟಿರಿ. ಕೆಂಪು ಬಂದರೆ ಬಟ್ಟೆಯೂ ಬೇಡ, ಹೊಗೆಯೂ ಬೇಡ, ಆಂಬುಲೆನ್ಸ್ ಗಾಡಿ ಕರೆಯಿರಿ. ಹಸಿರು ಬಂದರೂ ಕಣ್ಣಲ್ಲಿ ಮಿಂಚಿದರೆ ಗಾಡಿ ಕರೆಯಿರಿ.

"ಹಂಗಾರ ಹಸಿರು ಬಂದು ಕಣ್ಣು ಚೊಲೊ ಇದ್ರ ನಾ ಅರಿವಿ ಕಟ್ಟಬಹುದು," ಅಂದರು ದ್ಯಾಮವ್ವ.

"ಕಟ್ರಿ. ತಲಿನೋವು ಬಿಡದಿದ್ರ ಮಾತ್ರ ನನಗ ಫೋನ್ ಮಾಡ್ರಿ. ಎಲ್ಲಾ ಮತ್ತೊಮ್ಮೆ ನನಗ ಹೇಳಿ ತೋರಸ್ರಿ."

ಮುದುಕಿ ಒಂದಕ್ಷರ ಬಿಡದೆ ಹೇಳಿದರು. ಹಾಳೆಯ ನೆತ್ತಿಯ ಮೇಲೆ ಶಾಂಭವಿ ಒಂದು ಹೊಸ ಚೌಕ ಎಳೆದು 'ಈ ಹಾಳೆ ಯಾರ ಕೈಗೆ?' ಎಂದು ಬರೆದು, ಪಕ್ಕದಲ್ಲಿ ದ್ಯಾಮವ್ವ, ಹನಮಗೇರಿ, ಎಂದು ತುಂಬಿದರು. ಮೊದಲ ಚೌಕದಲ್ಲಿ ಇನ್ನೊಂದು ಸಾಲು ಸೇರಿತು: ಇವಳ ತಾಯಿ ಹೆರಿಗೆಯಾದ ಒಂಬತ್ತನೇ ದಿನ ಫಿಟ್ಸು ಬಂದು ತೀರಿಕೊಂಡಳು. ಕೊನೆಯ ಚೌಕದಲ್ಲಿ ಹನಮಗೇರಿಗೆ ಹತ್ತಿರದ ಆಸ್ಪತ್ರೆ.

ಇರ್ಫಾನ್ ಹಾಳೆಯನ್ನು ಹಾಕಿದರು. ಮೂರು ಜನರೂ ಪರದೆಯ ಮುಂದೆ ನಿಂತರು. ದಿನ ಎರಡು, ಮೂರು, ನಾಲ್ಕು. ದಿನ ಐದು: ತಲೆನೋವು. ದಿನ ಆರಕ್ಕೆ ದೀಪ ಸಣ್ಣದಾಯಿತು, ಇನ್ನೇನು ಆರಿತು ಅನ್ನುವಷ್ಟು ಸಣ್ಣದಾಗಿ ಮತ್ತೆ ನೆಟ್ಟಗೆ ನಿಂತಿತು. ಹತ್ತನೇ ದಿನವೂ ಉರಿಯುತ್ತಿತ್ತು. ಇರ್ಫಾನ್ ಕನ್ನಡಕ ತೆಗೆದು ಒರೆಸಿಕೊಂಡರು.

ಆದರೆ ಪರದೆಯ ಮನೆ ಬೇರೆ, ಹನಮಗೇರಿಯ ಮನೆ ಬೇರೆ. ಎರಡು ಗಂಟೆಗೆ ಗಾಡಿ ಹೋಯಿತು. ಶಾಂಭವಿಯವರಿಗೆ ಆ ವಾರವಿಡೀ ಅನ್ನ ರುಚಿಸಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಶಾಂಭವಿ ರೊಟ್ಟಿ ಬಡಿಯುತ್ತಿದ್ದರು, ಮಾಸ್ತರು ಪಕ್ಕದಲ್ಲಿ ಪೇಪರ್ ಓದುತ್ತಿದ್ದರು. ರಜೆಯ ದಿನ ಬಿಡುಗಡೆ ಕೋಣೆಯ ಕರೆಗಳು ಶಾಂಭವಿಯವರ ಫೋನಿಗೇ ಬರುತ್ತವೆ. ಫೋನು ಬಂತು.

"ಅಕ್ಕಾರ, ನಾ ದ್ಯಾಮವ್ವ, ಹನಮಗೇರಿಯಿಂದ." ಮುದುಕಿಯ ದನಿಯಲ್ಲಿ ನಡುಕ ಇತ್ತು, ಮಾತಿನಲ್ಲಿ ಇರಲಿಲ್ಲ. "ಕಸ್ತೂರಿಗೆ ತಲಿನೋವು. ಅರಿವಿ ಕೈಯಾಗ ಹಿಡದಿದ್ನಿ, ಹಾಳಿ ನೆಪ್ಪಾತು, ಮೊದಲ ಪಟ್ಟಿ ಕಟ್ಟಿದ್ನಿ. ಕೆಂಪು. ನೂರಾ ಎಪ್ಪತ್ತೆರಡು ಅಂತ ಆಕಿನ ಓದಿದ್ಲು. ನೀರು ಹಾಕೂ ಮುಂಚಿನ ಮಾತ್ರಿ ಕೊಟ್ಟೀನಿ, ಹೊಗಿ ಮುಂಚಿಂದು ಇನ್ನೂ ಇಲ್ಲ. ಗಾಡಿ ಬಂದೈತಿ. ಹಾಳಿ ನನ್ನ ಉಡ್ಯಾಗ ಐತಿ. ಹೊಂಟೀವಿ."

ಇಪ್ಪತ್ತಮೂರು ವರ್ಷದಲ್ಲಿ ಎಷ್ಟೋ ನರ್ಸುಗಳು ಶಾಂಭವಿಯವರಿಗೆ ವರದಿ ಒಪ್ಪಿಸಿದ್ದರು. ಇಷ್ಟು ಚೊಕ್ಕದಾಗಿ ಯಾರೂ ಒಪ್ಪಿಸಿರಲಿಲ್ಲ. "ಹೋಗ್ರಿ ಆಯಿ. ಬರೋಬ್ಬರಿ ಮಾಡೀರಿ," ಎಂದಷ್ಟೇ ಅವರ ಬಾಯಿಂದ ಬಂತು.

ಆಮೇಲೆ ಮಾಡಲು ಏನೂ ಇರಲಿಲ್ಲ. ಆ ದೂರದ ಆಸ್ಪತ್ರೆಯಲ್ಲಿ ಭಾನುವಾರದ ಡ್ಯೂಟಿಯಲ್ಲಿ ಯಾವ ಡಾಕ್ಟರು ಇರುತ್ತಾರೋ, ಕಸ್ತೂರಿಯನ್ನು ಅವರು ಜನ್ಮದಲ್ಲಿ ನೋಡಿಲ್ಲ. ಅವರಿಗೆ ಅವಳ ಬಗ್ಗೆ ಹೇಳಲು ಇದ್ದದ್ದು ಆ ಒಂದು ಹಾಳೆ. ಶಾಂಭವಿ ಫೋನಿನಲ್ಲಿ ಹಾಳೆ ತೆರೆದು ಹಿಡಿದು ಕೂತರು. ರೊಟ್ಟಿ ಕರಕಲಾಗಿ ಹೊಗೆಯೆದ್ದಿತು. ಮಾಸ್ತರು ಎದ್ದು ಒಲೆ ಆರಿಸಿ, ಬಂದು ಹೆಂಡತಿಯ ಪಕ್ಕ ಕೂತರು.

ಹತ್ತು ಐವತ್ತೆರಡಕ್ಕೆ ಹಾಳೆಯ ಅಂಚಿನಲ್ಲಿ ಒಂದು ಸಾಲು ಮಿನುಗಿತು: ಹಾಳೆಯನ್ನು ತೆರೆಯಲಾಗಿದೆ. ಎಂಟು ನಿಮಿಷ ಏನೂ ಇಲ್ಲ. ಹನ್ನೊಂದು ಗಂಟೆಗೆ ಕೊನೆಯ ಚೌಕದಲ್ಲಿ ಯಾರೋ ಕಾಣದ ಡಾಕ್ಟರು ಬರೆದರು: ತಾಯಿಯ ವಿಷಯ ಓದಿದೆ. ತಡಮಾಡದೆ ಫಿಟ್ಸು ತಡೆಯುವ ಮೆಗ್ನೀಸಿಯಂ ಇಂಜೆಕ್ಷನ್ ಕೊಡಲಾಗಿದೆ. ಮತ್ತೆ ಅರ್ಧ ಗಂಟೆ ಬಿಟ್ಟು: ಫಿಟ್ಸು ಬಂದಿಲ್ಲ. ಬಿ.ಪಿ. ಇಳಿಯುತ್ತಿದೆ. ಕಣ್ಣು ಸ್ಪಷ್ಟ. ಮಗು ಹಾಲು ಕುಡಿಯಿತು.

"ಓದ್ರಿ," ಎಂದು ಶಾಂಭವಿ ಫೋನನ್ನು ಗಂಡನ ಕೈಗೆ ಕೊಟ್ಟರು. ಮಾಸ್ತರು ಕನ್ನಡಕ ಏರಿಸಿ ಓದಿದರು. "ವಾಕ್ಯಕ್ಕೊಂದ ಕೆಲಸ," ಅಂದರು. ಶಾಂಭವಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು, ಹಿಟ್ಟಿನ ಕೈ ತೊಳೆಯುವುದನ್ನೂ ಮರೆತು.

ಆ ತಿಂಗಳಿಂದ ಬಿಳಿಗಲ್ಲದ ಆಸ್ಪತ್ರೆಯ ಎಲ್ಲ ಹಾಳೆಗಳ ನೆತ್ತಿಯ ಮೇಲೂ ಆ ಚೌಕ ಬಂತು. ಅದು ತುಂಬದಿದ್ದರೆ ಗೋಡೆಯ ಆಯಿ ದೀಪ ಹಚ್ಚುವುದೇ ಇಲ್ಲ. ಇರ್ಫಾನ್ ಹಾಗೆ ತಿದ್ದಿದರು.

ಬಾಣಂತನ ಮುಗಿದು ಪಟ್ಟಿ ವಾಪಸು ಕೊಡಲು ದ್ಯಾಮವ್ವ ಬಂದರು. ಜೊತೆಗೆ ಕಸ್ತೂರಿ, ಅವಳ ಹೆಗಲ ಮೇಲೆ ದುಂಡಗಾದ ಕೂಸು. ಮುದುಕಿ ಮಡಿಲಿಂದ ಹಾಳೆ ತೆಗೆದರು. ಎಣ್ಣೆ, ಅರಿಶಿನ, ಲೋಬಾನದ ವಾಸನೆ ಹಿಡಿದು ಮಡಿಕೆಯಲ್ಲಿ ಹರಿದಿತ್ತು. ಇಷ್ಟು ಬಳಕೆಯಾದ ಡಿಸ್ಚಾರ್ಜ್ ಹಾಳೆಯನ್ನು ಶಾಂಭವಿ ತಮ್ಮ ಸೇವೆಯಲ್ಲೇ ನೋಡಿರಲಿಲ್ಲ.

"ಇನ್ನೊಂದು ತಂದೀನ್ರಿ ಅಕ್ಕಾರ," ಎಂದು ದ್ಯಾಮವ್ವ ಪ್ಲಾಸ್ಟಿಕ್ ಚೀಲದಿಂದ ಹಳದಿಯಾದ ಒಂದು ಕಾಗದ ತೆಗೆದರು. "ನನ್ನ ಮಗಳನ್ನ ಹೆರಿಗೆ ಮಾಡಿ ಕಳಸುವಾಗ ಕೊಟ್ಟದ್ದು. ಇಂಗ್ಲಿಷಿನಾಗ ಐತಿ. ಇಪ್ಪತ್ತನಾಕು ವರ್ಷ ದೇವರ ಫೋಟೋದ ಹಿಂದ ಇಟ್ಟಿದ್ನಿ. ಏನ್ ಬರದಾರ ನೋಡ್ರಿ."

ಇರ್ಫಾನ್ ತಿರುಗಿ ಗೋಡೆಯ ಪರದೆಯನ್ನೊಮ್ಮೆ ನೋಡಿದರು. ಅಲ್ಲೂ ಒಂದು ಹಾಳೆ ಫೋಟೋದ ಹಿಂದೆ ಹೋಗಿತ್ತು. ಶಾಂಭವಿ ಕಾಗದ ಬಿಚ್ಚಿದರು. ಆಸ್ಪತ್ರೆಯ ಹೆಸರು ಅಳಿಸಿತ್ತು. ಗೀಚಿದ ನಾಲ್ಕು ಸಾಲು, ಅರ್ಧರ್ಧ ಪದ. ಮೂರನೇ ಸಾಲಿನಲ್ಲಿ ಬಿ.ಪಿ. ನೂರಾ ಐವತ್ತೆಂಟು ಎಂದಿತ್ತು, ಮೂರು ದಿನಕ್ಕೆ ಬಂದು ಮತ್ತೆ ತೋರಿಸಬೇಕು ಎಂದಿತ್ತು. ಎಲ್ಲ ಇತ್ತು. ಇದ್ದೂ ಇರಲಿಲ್ಲ.

ಶಾಂಭವಿಯವರಿಗೆ ಆ ಕಾಗದ ಬರೆದವರ ಮೇಲೆ ಸಿಟ್ಟು ಬಂತು. ಎದುರಿಗೆ ಕೂತ ಮುಖ ನೋಡಿ ಅದನ್ನು ನುಂಗಿಕೊಂಡರು. ಆಮೇಲೆ ಒಂದು ಹೊಸ ಹಾಳೆ ತೆಗೆದು ತಮ್ಮ ಕೈಯಿಂದಲೇ ಬರೆದರು. ಈ ಹಾಳೆ ಯಾರ ಕೈಗೆ: ದ್ಯಾಮವ್ವ, ಹನಮಗೇರಿ. ಏನಾಗಿತ್ತು: ಹೆರಿಗೆಯ ನಂತರ ಬಿ.ಪಿ. ಏರಿ ಮಿದುಳಿಗೆ ಬಡಿಯಿತು. ಹೊಗೆಯಿಂದ ಅಲ್ಲ. ಹೀಗೆ ಆಗಬಹುದೆಂದು ಮನೆಯವರಿಗೆ ಯಾರೂ ಅರ್ಥವಾಗುವಂತೆ ಹೇಳಿರಲಿಲ್ಲ.

ನಿಧಾನವಾಗಿ ಓದಿ ಹೇಳಿದರು. ಓದಿ ಮುಗಿಸಿ ಹಾಳೆಯನ್ನು ಮುದುಕಿಯ ಮುಂದಿಟ್ಟರು. ಆ ಕೋಣೆಯ ರೂಢಿ ದ್ಯಾಮವ್ವನಿಗೆ ಗೊತ್ತಿತ್ತು, ಕೇಳಿದ್ದನ್ನು ತಿರುಗಿ ಹೇಳಿ ತೋರಿಸಬೇಕು. ಅವರು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದರು.

"ಬಿ.ಪಿ. ಏರಿತ್ತು," ಅಂದರು. "ಥಂಡಿ ಅಲ್ಲ." ಕೂಸು ಏನೋ ಗೊಣಗಿತು, ಕಸ್ತೂರಿ ಹೆಗಲು ಬದಲಿಸಿದಳು. "ನಾ ಹಾಕಿದ ಹೊಗಿಯಿಂದ ಅಲ್ಲ."

ಶಾಂಭವಿ ಕಾದರು. ಇನ್ನೂ ಒಂದು ಸಾಲು ಉಳಿದಿತ್ತು.

"ನನಗ ಯಾರೂ ಹೇಳಿರಲಿಲ್ಲ," ಅಂದರು ದ್ಯಾಮವ್ವ.